ಬೇಸ್ ಗಿಟಾರಿನ ಪೀಜೋಗೆ 10 ಮೆಗಾಓಮ್ ಕೊಟ್ಟ ಮೇಲೆ

ಚಿಕ್ಕಮಗಳೂರಿನಲ್ಲಿ ಸುಗಮ ಸಂಗೀತದವರ ಜೊತೆ ಬೇಸ್ ನುಡಿಸುವವನು ನಾನು. ತಬಲಾ, ಕೊಳಲಿನ ಮಧ್ಯೆ ಮ್ಯಾಗ್ನೆಟ್ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ದಪ್ಪ ಸ್ವರ ಒಂದೇ ನನಗೆ ಸಾಲುತ್ತಿರಲಿಲ್ಲ. ಬೆರಳು ತಂತಿಯನ್ನು ಬಿಟ್ಟಿದ್ದೂ ಕೇಳಬೇಕು, ಮರದ ನಾದ ಬರಬೇಕು. ಅದಕ್ಕೇ ನನ್ನ ಫ್ರೆಟ್‌ಲೆಸ್ (ಕತ್ತಿನ ಮೇಲೆ ಲೋಹದ ಗೆರೆಗಳಿಲ್ಲದ) ಬೇಸ್‌ನ ಬ್ರಿಡ್ಜ್‌ಗೆ, ಅಂದರೆ ತಂತಿಗಳು ಕೂರುವ ಬುಡಕ್ಕೆ, ಪೀಜೋ ಪಿಕಪ್ ಇರುವ ಸ್ಯಾಡಲ್ ಹಾಕಿದೆ.

ಮ್ಯಾಗ್ನೆಟ್ ಪಿಕಪ್ ಉಕ್ಕಿನ ತಂತಿಯ ಅಲುಗಾಟವನ್ನು ಹಿಡಿಯುತ್ತದೆ. ಪೀಜೋ ಹಿಡಿಯುವುದು ಒತ್ತಡವನ್ನು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ದರು. ಹಾಗಾಗಿ ಗಿಟಾರಿನ ಮೈಗೆ ಉಗುರು ತಾಗಿದರೂ ಸ್ಪೀಕರ್‌ನಲ್ಲಿ ಕೇಳುತ್ತದೆ.

ಪೀಜೋ ಸದ್ದು ತೆಳು, ಕರ್ಕಶ ಅಂತ ತುಂಬಾ ಜನ ದೂರುತ್ತಾರೆ. ಆ ದೂರಿನಲ್ಲಿ ಜಾಸ್ತಿ ಪಾಲು ಪೀಜೋದ್ದಲ್ಲ, ಅದನ್ನು ಜೋಡಿಸುವ ಆಂಪ್ ಅಥವಾ ಮಿಕ್ಸರ್‌ನ ಇನ್‌ಪುಟ್‌ದು ಅನ್ನೋದು ನನ್ನ ಅನುಭವ. ಪೀಜೋ ಒಂದು ಸಣ್ಣ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಭಾಗ) ಇದ್ದ ಹಾಗೆ. ನನ್ನದನ್ನು ಮೀಟರ್‌ನಲ್ಲಿ ಅಳೆದಾಗ ಸುಮಾರು 500 ಪಿಕೋಫ್ಯಾರಡ್ ಬಂತು. ಅದನ್ನು 1 ಮೆಗಾಓಮ್ (ಹತ್ತು ಲಕ್ಷ ಓಮ್) ತಡೆಯಿರುವ ಇನ್‌ಪುಟ್‌ಗೆ ಕೊಟ್ಟರೆ ಸುಮಾರು 320 ಹರ್ಟ್ಸ್‌ನಿಂದ ಕೆಳಗೆ ಸದ್ದು ಕರಗುತ್ತಾ ಹೋಗುತ್ತದೆ. ಬೇಸ್‌ನ ಅತಿ ದಪ್ಪದ ಇ ತಂತಿ ಇರುವುದು 41 ಹರ್ಟ್ಸ್‌ನಲ್ಲಿ! ತಳವೇ ಹೋದ ಮೇಲೆ ಉಳಿಯುವುದು ಟಕಟಕ ಅಷ್ಟೇ ಅಲ್ವಾ? ಅದೇ ಇನ್‌ಪುಟ್ 10 ಮೆಗಾಓಮ್ ಆದರೆ ಆ ಗಡಿ 32 ಹರ್ಟ್ಸ್‌ಗೆ ಇಳಿಯುತ್ತದೆ.

ಟಿಎಲ್072 ಐಸಿ, 10 ಮೆಗಾಓಮ್ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ ಬಳಸಿ ಒಂದು ಬಫರ್ (ಪೀಜೋದ ಸಂಕೇತವನ್ನು ಕುಗ್ಗಿಸದೆ ಮುಂದಕ್ಕೆ ಕಳಿಸುವ ಸರ್ಕ್ಯೂಟ್) ಕಟ್ಟಿದೆ. ಅದನ್ನು ಗಿಟಾರಿನೊಳಗೇ ಕೂರಿಸಿದೆ. ಪೀಜೋದಿಂದ ನೇರವಾಗಿ ಉದ್ದ ಕೇಬಲ್ ಎಳೆದರೆ ಸದ್ದು ಕುಗ್ಗುತ್ತದೆ, ಗುಂಯ್ ಅನ್ನೋದು ಸೇರಿಕೊಳ್ಳುತ್ತದೆ. ಒಳಗೋಡೆಗೆಲ್ಲ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್‌ಗೆ ಸೇರಿಸಿದೆ.

ಮಲೆನಾಡಿನ ಕಡೆಯವರು ಇಲ್ಲೊಂದು ವಿಷಯ ನೋಡಿಕೊಳ್ಳಬೇಕು. ಬೆಸುಗೆ ಹಾಕಿದ ಮೇಲೆ ಬೋರ್ಡ್ ಮೇಲೆ ಕಂದು ಬಣ್ಣದ ಫ್ಲಕ್ಸ್ (ಬೆಸುಗೆ ಹಿಡಿಯಲು ಬಳಸುವ ಅಂಟು) ಅಂಟಿಕೊಂಡಿರುತ್ತದೆ. ನಮ್ಮ ಜುಲೈ ಮಳೆಗೆ ಅದು ತೇವ ಹಿಡಿಯಿತು ಅಂದರೆ, 10 ಮೆಗಾಓಮ್ ಇರುವ ಜಾಗದಲ್ಲಿ ವಿದ್ಯುತ್ ಆ ಫ್ಲಕ್ಸ್ ಮೂಲಕವೇ ಸೋರುತ್ತದೆ. ಆಗ ಪರಪರ ಸದ್ದು ಶುರು. ಹಳೇ ಟೂತ್‌ಬ್ರಷ್ಷನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಬೋರ್ಡನ್ನು ಚೆನ್ನಾಗಿ ಉಜ್ಜಿದೆ. ಪೂರ್ತಿ ಒಣಗಿದ ಮೇಲೇ ಮುಚ್ಚಳ ಹಾಕಿದ್ದು.

ಆಮೇಲೆ ಪೀಜೋ, ಮ್ಯಾಗ್ನೆಟ್ ಎರಡರ ಸದ್ದನ್ನೂ ಬೆರೆಸುವ ಕೆಲಸ. ಇ ತಂತಿ ಮೀಟಿ ಎರಡೂ ಪಿಕಪ್ ಏರಿಸಿದಾಗ ಸದ್ದು ತುಂಬಿಕೊಳ್ಳಬೇಕು. ಸೊರಗಿದರೆ ಎರಡೂ ಒಂದನ್ನೊಂದು ಅಳಿಸುತ್ತಿವೆ ಅಂತ ಅರ್ಥ; ಮ್ಯಾಗ್ನೆಟ್ ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿ.

ಕುವೆಂಪು ಕಲಾಮಂದಿರದಂಥ ದೊಡ್ಡ ಸಭಾಂಗಣದಲ್ಲಿ ಪೀಜೋದ ತಳವನ್ನು 160 ಹರ್ಟ್ಸ್ ಹತ್ತಿರ ನಾನೇ ಕತ್ತರಿಸುತ್ತೇನೆ. ಇಲ್ಲದಿದ್ದರೆ ಸ್ಪೀಕರ್ ಸದ್ದು ಮರಕ್ಕೆ ಹೊಡೆದು ಗುಂಯ್ ಅಂತ ಸುತ್ತುತ್ತದೆ. ತಳವನ್ನು ಮ್ಯಾಗ್ನೆಟ್ ನೋಡಿಕೊಳ್ಳುತ್ತದೆ. ಮನೆಯಲ್ಲಿ ರೆಕಾರ್ಡ್ ಮಾಡುವಾಗ ಮಾತ್ರ ಪೀಜೋ ಪೂರ್ತಿ ಬಿಡುತ್ತೇನೆ. ಭಾವಗೀತೆಯ ನಿಧಾನದ ಚರಣದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿದರೆ ಈಗ ಆ ಜಾರುವಿಕೆ ಪೂರ್ತಿ ಸ್ಪಷ್ಟವಾಗಿ ಕೇಳುತ್ತದೆ. ಹಾಡುವವರಿಗೂ ಶ್ರುತಿ ಹಿಡಿಯಲು ಸಲೀಸು.