ಪಿಯಾನೊ ಯಾರಿಗೆ, ಫೋರ್ಟೆ ಎಲ್ಲಿಂದ: ಮ್ಯೂಸ್‌ಸ್ಕೋರ್‌ನಲ್ಲಿ ಡೈನಾಮಿಕ್ಸ್ ಕೂರಿಸುವ ನನ್ನ ಅನುಭವ

ನಮ್ಮ ಚರ್ಚ್ ಕ್ವಾಯರ್‌ಗೆ ಕನ್ನಡ ಸಾಹಿತ್ಯದ ನಾಲ್ಕು ದನಿಯ (ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್) ಹಾಡುಗಳನ್ನು ಸ್ಟಾಫ್ ನೊಟೇಷನ್‌ನಲ್ಲಿ, ಅಂದರೆ ಐದು ಗೆರೆಗಳ ಸ್ಟಾಫ್ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿಯಲ್ಲಿ, ಮ್ಯೂಸ್‌ಸ್ಕೋರ್ ಎಂಬ ಸಾಫ್ಟ್‌ವೇರ್ ಬಳಸಿ ಸಿದ್ಧಮಾಡಿ ಕೊಡುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗಿದೆ. ಸ್ವರ ತುಂಬುವುದು ಬೇಗ ಮುಗಿಯುತ್ತದೆ. ಸಾಹಿತ್ಯ ಕೂರಿಸುವುದಕ್ಕೆ ತಾಳ್ಮೆ ಬೇಕು, ಅಷ್ಟೇ. ನಾನು ಅತಿ ಹೆಚ್ಚು ಹೊತ್ತು ಕೊಡುವುದು ಡೈನಾಮಿಕ್ಸ್‌ನ ಜಾಗಕ್ಕೆ, ಅಂದರೆ ಪಿಯಾನೊ (ಮೆಲ್ಲಗೆ), ಫೋರ್ಟೆ (ಜೋರಾಗಿ), ಮೆಟ್ಸೊ ಫೋರ್ಟೆ (ತುಸು ಜೋರಾಗಿ), ಕ್ರೆಶೆಂಡೊ (ಕ್ರಮೇಣ ಜೋರಾಗಿ) ಎಂಬ ಗುರುತುಗಳ ಜಾಗಕ್ಕೆ. ಹಾಡುವವರ ಕಣ್ಣು ಸ್ವರ ಮತ್ತು ಅಕ್ಷರದ ಮೇಲಿರುತ್ತದೆ. ಡೈನಾಮಿಕ್ಸ್ ಓರೆಗಣ್ಣಿಗೆ ಬೀಳಬೇಕು. ಹುಡುಕುವ ಹಾಗಿದ್ದರೆ ಅದು ಬರೆದೂ ಬರೆಯದ ಹಾಗೆ.

ಒಮ್ಮೆ ಬೇರೆ ಕಡೆಯಿಂದ ಬಂದ ಪ್ರತಿ ಇಟ್ಟುಕೊಂಡು ಅಭ್ಯಾಸ ನಡೆದಿತ್ತು. ಟೆನರ್ ಸಾಲಿನವರೊಬ್ಬರು ಹಾಡು ನಿಲ್ಲಿಸಿ ಕೇಳಿದರು: “ಸರ್, ಈ ಪಿಯಾನೊ ನಮಗಾ, ಆಲ್ಟೊದವರಿಗಾ?” ಪಿಯಾನೊ ಎನ್ನುವ ಆ p ಅಕ್ಷರ ಆಲ್ಟೊ ಸಾಹಿತ್ಯಕ್ಕೂ ಟೆನರ್ ಸ್ಟಾಫ್‌ಗೂ ಸರಿಯಾಗಿ ನಡುವೆ ನಿಂತಿತ್ತು. ಪ್ರಶ್ನೆ ನ್ಯಾಯವಾದದ್ದೇ. ಎಷ್ಟು ಮೆಲ್ಲಗೆ ಹಾಡಬೇಕು ಎಂದು ಅಕ್ಷರ ಹೇಳುತ್ತದೆ. ಯಾರು ಹಾಡಬೇಕು, ಯಾವ ಬೀಟ್‌ನಿಂದ ಹಾಡಬೇಕು ಎನ್ನುವುದನ್ನು ಹೇಳುವುದು ಅದರ ಜಾಗ ಮಾತ್ರ. ಹಾಗಾಗಿ ಜಾಗದ ಕೆಲಸವನ್ನು ನಾನು ಅಲಂಕಾರ ಎಂದು ನೋಡುವುದಿಲ್ಲ.

ವಾದ್ಯಗಳಿಗೆ ಡೈನಾಮಿಕ್ಸ್ ಸ್ಟಾಫ್‌ನ ಕೆಳಗೆ ಬರುತ್ತದೆ. ದನಿಗೆ ಮೇಲೆ, ಏಕೆಂದರೆ ಕೆಳಗಿನ ಜಾಗ ಸಾಹಿತ್ಯದ್ದು. ಪಿಯಾನೊ ವಾದ್ಯಕ್ಕೆ ಎರಡು ಸ್ಟಾಫ್‌ಗಳ ನಡುವೆ. ಸೊಪ್ರಾನೊ ಆಲ್ಟೊ ಒಂದು ಸ್ಟಾಫ್‌ನಲ್ಲಿ, ಟೆನರ್ ಬಾಸ್ ಇನ್ನೊಂದರಲ್ಲಿ ಇರುವ ಹಿಮ್ (ಸ್ತುತಿಗೀತೆ) ಶೈಲಿಯ ಪುಟದಲ್ಲಿ ಸಾಹಿತ್ಯ ನಡುವೆ ಕೂರುವುದರಿಂದ, ಎಲ್ಲರಿಗೂ ಸೇರಿದ ಡೈನಾಮಿಕ್ಸನ್ನು ಮೇಲಿನ ಸ್ಟಾಫ್‌ನ ಮೇಲೆ ಒಂದೇ ಸಲ ಬರೆಯುತ್ತೇನೆ. ಗಂಡಸರಿಗೆ ಬೇರೆ ಸೂಚನೆ ಇದ್ದರೆ ಮಾತ್ರ ಅದನ್ನು ಕೆಳಗಿನ ಸ್ಟಾಫ್‌ನ ಅಡಿಗೆ ತರುತ್ತೇನೆ. ನಾಲ್ಕು ದನಿಗೆ ನಾಲ್ಕು ಸ್ಟಾಫ್ ಇದ್ದರೆ ಪ್ರತಿಯೊಂದರ ಮೇಲೂ ಪ್ರತ್ಯೇಕವಾಗಿ ಬರೆಯಬೇಕು. ಅಲ್ಲಿ ಜಿಪುಣತನ ಮಾಡಬಾರದು.

ಕನ್ನಡ ಸಾಹಿತ್ಯ ಬಂದ ಕೂಡಲೇ ಈ ಲೆಕ್ಕ ಬಿಗಿಯಾಗುತ್ತದೆ. ರೋಮನ್ ಲಿಪಿಯಲ್ಲಿ ಗೆರೆಯ ಕೆಳಗೆ ಇಳಿಯುವ ಅಕ್ಷರಗಳು ಕೆಲವೇ, ಇಳಿಯುವುದೂ ಸ್ವಲ್ಪವೇ. ನಮ್ಮಲ್ಲಿ ಸ್ತೋತ್ರ, ಕ್ರಿಸ್ತ, ಆತ್ಮ ಎಂದು ಬರೆದರೆ ಪ್ರತಿ ಪದಕ್ಕೂ ಒತ್ತಕ್ಷರ ಕೆಳಗೆ ತೂಗುತ್ತದೆ. ಶಾಸ್ತ್ರ, ರಾಷ್ಟ್ರ ಬಂದರೆ ಒಂದೇ ಅಕ್ಷರಕ್ಕೆ ಎರಡು ಒತ್ತು. ಆಲ್ಟೊ ಸಾಹಿತ್ಯದಿಂದ ಇಳಿದ ಈ ಒತ್ತು ಟೆನರ್ ಸ್ಟಾಫ್‌ನ ಮೇಲಿರುವ ಮೆಟ್ಸೊ ಪಿಯಾನೊದ ತಲೆಯ ಹತ್ತಿರಕ್ಕೇ ಬರುತ್ತದೆ. ಮುಟ್ಟದಿದ್ದರೂ ಓದುವವರಿಗೆ ಅದು ಸಾಹಿತ್ಯದ ಬಾಲದ ಹಾಗೆ ಕಾಣುತ್ತದೆ. ನಾನು ಇಟ್ಟುಕೊಂಡಿರುವ ಅಳತೆ ಇಷ್ಟು: ಸಾಹಿತ್ಯಕ್ಕೂ ಡೈನಾಮಿಕ್ ಗುರುತಿಗೂ ಇರುವ ಅಂತರ, ಆ ಗುರುತಿಗೂ ಅದರ ಸ್ಟಾಫ್‌ಗೂ ಇರುವ ಅಂತರದ ಎರಡು ಪಟ್ಟಾದರೂ ಇರಬೇಕು. ಆಗ ಕಣ್ಣು ತಾನಾಗಿಯೇ ಅದನ್ನು ಕೆಳಗಿನ ಸ್ಟಾಫ್‌ಗೆ ಸೇರಿಸಿಕೊಳ್ಳುತ್ತದೆ. ಇದಕ್ಕಾಗಿ ಡೈನಾಮಿಕ್ಸನ್ನು ಮುಟ್ಟುವುದಿಲ್ಲ. ಸ್ಟಾಫ್‌ಗಳ ನಡುವಿನ ಕನಿಷ್ಠ ಅಂತರವನ್ನೂ ಸಾಹಿತ್ಯದ ಕನಿಷ್ಠ ಅಂತರವನ್ನೂ ಸ್ಟೈಲ್‌ನಲ್ಲಿ (ಇಡೀ ಹಾಡಿನ ಅಳತೆಗಳನ್ನು ನಿಗದಿ ಮಾಡುವ ಕಡೆ) ಹೆಚ್ಚಿಸುತ್ತೇನೆ. ಪುಟಕ್ಕೆ ಒಂದು ಸಿಸ್ಟಮ್ (ಒಟ್ಟಿಗೆ ಓದುವ ಸ್ಟಾಫ್‌ಗಳ ಒಂದು ಸಾಲು) ಕಡಿಮೆಯಾದರೂ ಚಿಂತೆಯಿಲ್ಲ, ಇನ್ನೊಂದು ಹಾಳೆ ಹೋದರೆ ಹೋಗಲಿ.

ಟೆನರ್ ಸಾಲಿನವರು ಕೇಳಿದ ಆ ಹಾಡಿನ ಕಡತವನ್ನು ತರಿಸಿಕೊಂಡು ತೆರೆದೆ. ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಬರೆದು, ಮ್ಯೂಸಿಕ್‌ಎಕ್ಸ್‌ಎಂಎಲ್ (ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸ್ವರಲಿಪಿ ಒಯ್ಯುವ ಕಡತ) ಮಾಡಿ ಕಳಿಸಿದ್ದು. ನಾಲ್ಕೂ ದನಿ ಪಿಯಾನೊ ಎಂಬ ವಾದ್ಯದ ಹೆಸರಲ್ಲೇ ಬಂದಿದ್ದವು, ಡೈನಾಮಿಕ್ಸ್ ಎಲ್ಲ ಸ್ಟಾಫ್‌ನ ಕೆಳಗೆ. ಅದರ ಮೇಲೆ ಯಾರೋ ಒಂದೊಂದನ್ನೇ ಮೌಸ್‌ನಲ್ಲಿ ಹಿಡಿದು ಎಳೆದು ಅಲ್ಲಲ್ಲಿ ನಿಲ್ಲಿಸಿದ್ದರು. ಹೀಗೆ ಎಳೆದಿಟ್ಟದ್ದರಲ್ಲಿ ಒಂದು ತೊಡಕಿದೆ. ಎಳೆದ ದೂರ ಆ ಗುರುತಿನ ಜೊತೆ ಉಳಿದುಬಿಡುತ್ತದೆ. ಕಾಗದದ ಅಳತೆ ಬದಲಾಗಿ, ಬಾರ್‌ಗಳು (ಉದ್ದಗೆರೆಗಳ ನಡುವಿನ ಬೀಟ್‌ಗಳ ಖಾನೆಗಳು) ಮುಂದಿನ ಸಾಲಿಗೆ ಹೋಗಿ, ಎಳೆಯಲು ಕಾರಣವಾದ ಅಡ್ಡಿಯೇ ಇಲ್ಲದಾದರೂ ಎಳೆತ ಮಾತ್ರ ಇರುತ್ತದೆ. ಗುರುತು ಖಾಲಿ ಜಾಗದಲ್ಲಿ ತೇಲುತ್ತಿರುತ್ತದೆ.

ಆದ್ದರಿಂದ ಇಂಥ ಕಡತ ಬಂದರೆ ಮೊದಲು ಹಳೆಯ ಎಳೆತವನ್ನೆಲ್ಲ ಅಳಿಸುತ್ತೇನೆ. ಒಂದು ಡೈನಾಮಿಕ್ ಮೇಲೆ ಬಲ ಕ್ಲಿಕ್ ಮಾಡಿ, ಅದೇ ಬಗೆಯ ಎಲ್ಲವನ್ನೂ ಆಯ್ದು, ಕಂಟ್ರೋಲ್ ಆರ್ ಒತ್ತಿದರೆ ಎಲ್ಲವೂ ಮೂಲ ಜಾಗಕ್ಕೆ ಬರುತ್ತವೆ. ಹೇರ್‌ಪಿನ್‌ಗಳಿಗೂ (ಕ್ರಮೇಣ ಜೋರು ಅಥವಾ ಮೆಲ್ಲಗೆ ಎಂದು ತೋರಿಸುವ ಕವೆಯಂಥ ಗೆರೆಗಳು) ಇದನ್ನೇ ಮಾಡುತ್ತೇನೆ. ಆಮೇಲೆ ವಾದ್ಯವನ್ನು ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ಬದಲಿಸುತ್ತೇನೆ. ಈಗಿನ ಮ್ಯೂಸ್‌ಸ್ಕೋರ್ ದನಿಯ ಸ್ಟಾಫ್ ಎಂದು ತಿಳಿದರೆ ಡೈನಾಮಿಕ್ಸನ್ನು ತಾನೇ ಮೇಲಿಡುತ್ತದೆ. ಇನ್ನೂ ಕೆಳಗೇ ಉಳಿದವನ್ನು ಆಯ್ದು ಎಕ್ಸ್ ಕೀ ಒತ್ತಿದರೆ ಮೇಲಕ್ಕೆ ಹಾರುತ್ತವೆ. ಇಷ್ಟು ಮಾಡುವಷ್ಟರಲ್ಲಿ ಪುಟದ ಬಹುಪಾಲು ನೇರವಾಗಿರುತ್ತದೆ, ಒಂದನ್ನೂ ಕೈಯಿಂದ ಸರಿಸಿರುವುದಿಲ್ಲ.

ಗುರುತುಗಳು ಒಂದಕ್ಕೊಂದು ತಾಗದಂತೆ ಸಾಫ್ಟ್‌ವೇರೇ ದೂರ ಇಡುವ ಸೌಲಭ್ಯ ಹೊಸದಲ್ಲ. ಸಿಬೇಲಿಯಸ್ ಎಂಬ ಇನ್ನೊಂದು ಸ್ವರಲಿಪಿ ಸಾಫ್ಟ್‌ವೇರ್‌ನಲ್ಲಿ 2009ರ 6ನೇ ಆವೃತ್ತಿಯಲ್ಲೇ ಮ್ಯಾಗ್ನೆಟಿಕ್ ಲೇಔಟ್ ಎಂಬ ಹೆಸರಲ್ಲಿ ಅದು ಬಂದಿತ್ತು. ಮ್ಯೂಸ್‌ಸ್ಕೋರ್‌ಗೆ ಅದು 2018ರ ಕೊನೆಗೆ 3ನೇ ಆವೃತ್ತಿಯೊಂದಿಗೆ ಬಂತು. ನನ್ನ ಕೆಲಸಕ್ಕೆ ಅದಕ್ಕಿಂತ ದೊಡ್ಡ ನೆರವಾದದ್ದು 2024ರ 4.4 ಆವೃತ್ತಿ. ಅಲ್ಲಿಯವರೆಗೆ ಡೈನಾಮಿಕ್ ಒಂದು ಸ್ವರಕ್ಕೋ ವಿರಾಮಕ್ಕೋ ಮಾತ್ರ ಅಂಟಿಕೊಳ್ಳುತ್ತಿತ್ತು. ನಾಲ್ಕು ಬೀಟ್ ಎಳೆಯುವ ಒಂದೇ ಸ್ವರ, ಅದರ ಮೂರನೇ ಬೀಟ್‌ಗೆ ಫೋರ್ಟೆ ತಲುಪಬೇಕು ಎಂದರೆ, ಎರಡನೇ ವಾಯ್ಸ್‌ನಲ್ಲಿ (ಅದೇ ಸ್ಟಾಫ್‌ನಲ್ಲಿ ಬರೆಯುವ ಇನ್ನೊಂದು ಸ್ವರಸಾಲು) ವಿರಾಮಗಳನ್ನು ತುಂಬಿ, ಮೂರನೆಯದಕ್ಕೆ ಫೋರ್ಟೆ ಅಂಟಿಸಿ, ವಿರಾಮಗಳನ್ನು ಮರೆಮಾಡಬೇಕಿತ್ತು. ಕ್ವಾಯರ್ ಸಂಗೀತದಲ್ಲಿ ಇದು ಅಪರೂಪವೇನಲ್ಲ. “ಆಮೆನ್” ಎಂದು ಎಳೆಯುವ ಕಡೆಯಲ್ಲೆಲ್ಲ ಇದೇ ಪಾಡು. ಈಗ ಸ್ವರದ ನಡುವಿನ ಬೀಟ್‌ಗೂ ಗುರುತನ್ನು ಕಟ್ಟಬಹುದು.

ಕಣ್ಣಿಗೆ ಕಾಣುವ ಜಾಗ ಬೇರೆ, ಗುರುತು ಕಟ್ಟಿಕೊಂಡಿರುವ ಬೀಟ್ ಬೇರೆ. ಹೊಸಬರಿಗೆ ನಾನು ಒತ್ತಿ ಹೇಳುವ ಮಾತು ಇದು. ಮೊದಲ ಬೀಟ್‌ನ ಫೋರ್ಟೆಯನ್ನು ಬರೀ ಆಫ್‌ಸೆಟ್ (ಎಳೆತದ ದೂರ) ಕೊಟ್ಟು ಮೂರನೇ ಬೀಟ್‌ನ ಕೆಳಗೆ ತಂದರೆ ಕಾಗದದಲ್ಲಿ ಸರಿಯಾಗಿ ಕಾಣುತ್ತದೆ. ಆದರೆ ಪ್ಲೇ ಒತ್ತಿದರೆ ಮೊದಲ ಬೀಟ್‌ಗೇ ಜೋರಾಗುತ್ತದೆ. ನಮ್ಮ ಕ್ವಾಯರ್‌ನಲ್ಲಿ ಸ್ಟಾಫ್ ನೊಟೇಷನ್ ಓದಲು ಬಾರದವರೂ ಇದ್ದಾರೆ. ಅವರು ಮನೆಯಲ್ಲಿ ಮೊಬೈಲ್‌ನಲ್ಲಿ ಮ್ಯೂಸ್‌ಸ್ಕೋರ್ ನುಡಿಸಿದ ಆಡಿಯೊ ಕೇಳಿಯೇ ಕಲಿಯುವುದು. ಕೇಳಿಸಿದ್ದೊಂದು, ಪುಟದಲ್ಲಿರುವುದು ಇನ್ನೊಂದು ಆದರೆ ಭಾನುವಾರ ಎರಡು ಗುಂಪು ಎರಡು ಥರ ಹಾಡುತ್ತದೆ. ಗುರುತನ್ನು ಎಳೆಯುವಾಗ ಅದರಿಂದ ಕಟ್ಟಿದ ಜಾಗಕ್ಕೆ ಹೋಗುವ ಚುಕ್ಕಿಗೆರೆ ಕಾಣುತ್ತದಲ್ಲ, ಅದನ್ನು ನೋಡುತ್ತಲೇ ಕೆಲಸ ಮಾಡಬೇಕು.

ಹೇರ್‌ಪಿನ್ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಪಿಯಾನೊ, ಅದರಿಂದ ತೆರೆದುಕೊಳ್ಳುವ ಕ್ರೆಶೆಂಡೊ, ಕೊನೆಗೆ ಫೋರ್ಟೆ, ಈ ಮೂರೂ ಒಂದೇ ಎತ್ತರದಲ್ಲಿ ಒಂದೇ ಗೆರೆಯ ಮೇಲೆ ಇರಲೇಬೇಕು. ನಡುವೆ ಒಂದು ಎತ್ತರದ ಸ್ವರ ಬಂದರೆ ಮೂರೂ ಸೇರಿ ಮೇಲೇರಲಿ. ಮ್ಯೂಸ್‌ಸ್ಕೋರ್ ಒಂದಕ್ಕೊಂದು ಅಂಟಿದವನ್ನು ಒಟ್ಟಿಗೇ ಜೋಡಿಸುತ್ತದೆ. ಆದರೆ ಇಡೀ ಸಿಸ್ಟಮ್‌ನಲ್ಲಿರುವ ಎಲ್ಲ ಡೈನಾಮಿಕ್ಸನ್ನೂ ಒಂದೇ ಎತ್ತರಕ್ಕೆ ತರುವುದು ನನಗೆ ಒಪ್ಪಿಗೆಯಿಲ್ಲ. ಎಲ್ಲೋ ಒಂದು ಸೊಪ್ರಾನೊ ಸ್ವರ ಎತ್ತರಕ್ಕೆ ಹೋಯಿತೆಂದು ಐದು ಬಾರ್ ಆಚೆಗಿನ ಪಿಯಾನೊ ಯಾಕೆ ಸ್ಟಾಫ್ ಬಿಟ್ಟು ದೂರ ಹೋಗಬೇಕು? ಒಂದು ಫ್ರೇಸ್‌ನೊಳಗೆ ಸಾಲಾಗಿದ್ದರೆ ಸಾಕು.

ಪಿಯಾನೊ ಪಕ್ಕವಾದ್ಯದಲ್ಲಿ ಡೈನಾಮಿಕ್ ಎರಡೂ ಕೈಗೆ ಸೇರಿದ್ದಾದರೆ ಸ್ಟಾಫ್‌ಗಳ ಸರಿಯಾದ ನಡುವೆ ನಿಲ್ಲಬೇಕು. 4.4ರಿಂದ ಅದು ತಾನಾಗಿ ನಡುವೆ ಬರುತ್ತದೆ. ಪ್ರಾಪರ್ಟೀಸ್‌ನಲ್ಲಿ ಆ ಗುರುತು ಇಡೀ ವಾದ್ಯಕ್ಕೋ, ಒಂದು ಸ್ಟಾಫ್‌ಗೋ, ಒಂದೇ ವಾಯ್ಸ್‌ಗೋ ಎಂದು ಆರಿಸಬಹುದು. ಬಲಗೈ ರಾಗ ಮೆಟ್ಸೊ ಫೋರ್ಟೆ, ಎಡಗೈ ಪಿಯಾನೊ ಎಂದಿದ್ದರೆ ನಡುವಿನ ಜಾಗ ಬಿಟ್ಟು, ಬಲಗೈಯದನ್ನು ಮೇಲಿನ ಸ್ಟಾಫ್‌ನ ಮೇಲಕ್ಕೂ ಎಡಗೈಯದನ್ನು ಕೆಳಗಿನ ಸ್ಟಾಫ್‌ನ ಅಡಿಗೂ ಕಳಿಸುತ್ತೇನೆ. ಎಡಗೈ ಸ್ವರಗಳು ಮೇಲೇರಿ ಲೆಡ್ಜರ್ ಗೆರೆಗಳಿಂದ (ಸ್ಟಾಫ್‌ನ ಆಚೆಗಿನ ಸ್ವರಗಳಿಗೆ ಹಾಕುವ ಚಿಕ್ಕ ಗೆರೆಗಳು) ನಡುವಣ ಜಾಗವನ್ನೇ ತುಂಬಿದಾಗ ಮಾತ್ರ ಯಾವ ನಿಯಮವೂ ಕೆಲಸಕ್ಕೆ ಬರುವುದಿಲ್ಲ, ಕೈ ಹಾಕಲೇಬೇಕು.

ಕೈ ಹಾಕುವುದೆಂದರೆ ಬಾಣದ ಕೀಗಳು. ಎಲ್ಲ ಅಳತೆಯೂ ಸ್ಪೇಸ್ ಲೆಕ್ಕದಲ್ಲಿ, ಅಂದರೆ ಸ್ಟಾಫ್‌ನ ಎರಡು ಗೆರೆಗಳ ನಡುವಿನ ದೂರ. ಮ್ಯೂಸ್‌ಸ್ಕೋರ್ ಕೊಡುವ ಮೂಲ ಅಳತೆಯಲ್ಲಿ ಒಂದು ಸ್ಪೇಸ್ 1.75 ಮಿ.ಮೀ. ಒಂದು ಸಲ ಬಾಣ ಒತ್ತಿದರೆ 0.1 ಸ್ಪೇಸ್ ಸರಿಯುತ್ತದೆ, ಅಂದರೆ ಮಿಲಿಮೀಟರಿನ ಐದರಲ್ಲೊಂದು ಪಾಲಿಗೂ ಕಡಿಮೆ. ಕಂಟ್ರೋಲ್ ಹಿಡಿದು ಒತ್ತಿದರೆ ಪೂರ್ತಿ ಒಂದು ಸ್ಪೇಸ್. ಮೌಸ್‌ಗಿಂತ ಬಾಣ ನನಗಿಷ್ಟ, ಎಷ್ಟು ಸರಿಸಿದೆ ಎನ್ನುವ ಲೆಕ್ಕ ಇರುತ್ತದೆ. ಒತ್ತಕ್ಷರ ನೇರ ತಲೆಯ ಮೇಲೆ ಬಂದ ಕಡೆ ಗುರುತನ್ನು ಇನ್ನಷ್ಟು ಕೆಳಗೆ ತಳ್ಳದೆ ಸ್ವಲ್ಪ ಎಡಕ್ಕೆ ಸರಿಸುತ್ತೇನೆ. ದನಿಯ ಡೈನಾಮಿಕ್ ಸ್ವರಕ್ಕಿಂತ ತುಸು ಮುಂಚೆ ಕಂಡರೆ ಉಸಿರು ತೆಗೆದುಕೊಳ್ಳುವಾಗಲೇ ಸೂಚನೆ ಸಿಕ್ಕಿರುತ್ತದೆ. ಬಲಕ್ಕೆ ಮಾತ್ರ ಯಾವತ್ತೂ ಇಲ್ಲ. ಸ್ವರ ಶುರುವಾದ ಮೇಲೆ ಬಂದ ಪಿಯಾನೊ ತಡವಾಗಿ ಬಂದ ಹಾಗೆ. ಬಾರ್‌ನ ಮೊದಲ ಸ್ವರಕ್ಕೆ ಪಿಯಾನಿಸ್ಸಿಮೊದಂಥ (ತೀರಾ ಮೆಲ್ಲಗೆ) ಅಗಲದ ಗುರುತು ಬಂದಾಗ ಬಾರ್‌ಗೆರೆಯನ್ನು ದಾಟದಂತೆ ತಡೆಯುವ ಆಯ್ಕೆ ಪ್ರಾಪರ್ಟೀಸ್‌ನಲ್ಲಿದೆ, ಅದನ್ನು ಹಾಕುತ್ತೇನೆ.

ಇದೆಲ್ಲ ಮಾಡುವುದು ಪುಟ ಒಡೆಯುವ ಜಾಗ ಗಟ್ಟಿಯಾದ ಮೇಲೆಯೇ. ಸಿಸ್ಟಮ್‌ಗೆ ಎಷ್ಟು ಬಾರ್, ಹಾಳೆ ಎಲ್ಲಿ ತಿರುವಬೇಕು ಎನ್ನುವುದು ನಿಂತ ನಂತರ ಬಾಣದ ಕೆಲಸ. ಕೊನೆಗೆ ಪಿಡಿಎಫ್ ಮಾಡಿ, ನೂರು ಶೇಕಡಾ ಅಳತೆಯಲ್ಲಿ ಮುದ್ರಿಸಿ, ಸ್ಟ್ಯಾಂಡ್ ಮೇಲಿಟ್ಟು ಹಾಡುವ ದೂರದಿಂದ ಓದುತ್ತೇನೆ. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ಧಾರಾಳವಾಗಿ ಕಂಡ ಅಂತರ ಕಾಗದದಲ್ಲಿ ಎಷ್ಟೋ ಸಲ ಸಾಲದು.

ಸರಿಹೊಂದಿದ ಅಳತೆಗಳನ್ನು ಫಾರ್ಮ್ಯಾಟ್ ಮೆನುವಿನಿಂದ ಸ್ಟೈಲ್ ಕಡತವಾಗಿ ಉಳಿಸಿಕೊಂಡಿದ್ದೇನೆ. ಹೊಸ ಹಾಡು ಶುರುಮಾಡುವ ಮೊದಲು ಅದನ್ನು ಲೋಡ್ ಮಾಡುತ್ತೇನೆ. ಬೇರೆ ಕ್ವಾಯರ್‌ಗೆ ಹಾಡು ಕಳಿಸುವಾಗ ಜೊತೆಗೆ ಅದನ್ನೂ ಕಳಿಸುತ್ತೇನೆ. ಕನ್ನಡ ಸಾಹಿತ್ಯದ ನಾಲ್ಕು ಸ್ಟಾಫ್ ಪುಟಕ್ಕೆ ನನ್ನದರಲ್ಲಿ ಸ್ಪೇಸ್ 1.6 ಮಿ.ಮೀ., ಡೈನಾಮಿಕ್ಸ್‌ನ ಕನಿಷ್ಠ ಅಂತರ 1 ಸ್ಪೇಸ್ ಇದೆ. ಸಾಹಿತ್ಯದ ಅಂತರ ನೀವು ಬಳಸುವ ಫಾಂಟ್‌ನ ಒತ್ತಕ್ಷರ ಎಷ್ಟು ಇಳಿಯುತ್ತದೆ ಎನ್ನುವುದರ ಮೇಲಿದೆ. ಹಾಡಿನಲ್ಲಿ ಇಲ್ಲದಿದ್ದರೂ “ರಾಷ್ಟ್ರ” ಎಂದು ಒಂದು ಸ್ವರದ ಕೆಳಗೆ ಟೈಪ್ ಮಾಡಿ, ಅದು ಕೆಳಗಿನ ಗುರುತಿಗೆ ಎಷ್ಟು ಹತ್ತಿರ ಬರುತ್ತದೆ ನೋಡಿ ಅಳತೆ ಹೊಂದಿಸಿಕೊಂಡು, ಆಮೇಲೆ ಅಳಿಸಿ.