ಕುರ್ಚಿಯ ಓರೆ ಜೋಡಣೆಯಲ್ಲಿ ಬೀಳುವ ಸಂದು: ರೌಟರ್ ಜಿಗ್‌ನಲ್ಲಿ ಪರಿಹಾರ

ಶಿರಸಿಯಲ್ಲಿ ಸಾಗುವಾನಿ ಕುರ್ಚಿ ಮಾಡುವಾಗಿನ ತೊಂದರೆ ಇದು. ಆಸನ ಮುಂದೆ ಅಗಲ, ಹಿಂದೆ ಕಿರಿದು. ಹಾಗಾಗಿ ಪಕ್ಕದ ಅಡ್ಡಪಟ್ಟಿ ಕಾಲಿಗೆ 5 ಡಿಗ್ರಿ ಓರೆಯಾಗಿ ಸೇರಬೇಕು. ಕ್ಲ್ಯಾಂಪ್ ಬಿಗಿದರೆ ಒಂದು ಬದಿ ಕೂರುತ್ತಿತ್ತು, ಇನ್ನೊಂದು ಬದಿ ಬಾಯಿ ಬಿಡುತ್ತಿತ್ತು.

ಉಳಿಯಿಂದ ಹೆಗಲು (ಪಟ್ಟಿಯ ತುದಿಯಲ್ಲಿ ಕಾಲಿಗೆ ತಾಗುವ ಅಂಚು) ಕೆತ್ತಿದರೆ ಪಟ್ಟಿಯ ಉದ್ದವೇ ಕಡಿಮೆಯಾಯಿತು. ಕಾಲನ್ನು ಓರೆ ಮಾಡಿ ತೂತು ಹೊಡೆದರೆ ಒಂದೊಂದು ಕಾಲಿನ ಕೋನ ಒಂದೊಂದು ಥರ. ಅಂಟು, ಮರದ ಪುಡಿ ತುಂಬಿದ ಜೋಡಣೆ ಮಳೆಗಾಲದಲ್ಲಿ ಸಡಿಲವಾಗುತ್ತದೆ, ಅದನ್ನು ಮಾಡಲೇಬೇಡಿ.

ಸರಿಹೋದದ್ದು ಬಿಡಿ ನಾಲಿಗೆಯಿಂದ, ಅಂದರೆ ಕಾಲಿಗೂ ಪಟ್ಟಿಯ ತುದಿಗೂ ತೂತು ಹೊಡೆದು ಎರಡರೊಳಗೂ ಕೂರಿಸುವ ಪ್ರತ್ಯೇಕ ಮರದ ತುಂಡಿನಿಂದ. ಕಾಲಿನ ತೂತು ನೇರವಾಗಿಯೇ ಇರಲಿ. ಪಟ್ಟಿಯ ತುದಿಯನ್ನು ಮೊದಲು 5 ಡಿಗ್ರಿಗೆ ಕೊಯ್ಯಿರಿ. 200 ಮಿ.ಮೀ. ಉದ್ದಕ್ಕೆ ದಪ್ಪ 17.5 ಮಿ.ಮೀ. ಏರುವ ಬೆಣೆ ಮಾಡಿ, ಪಟ್ಟಿಗೂ ಜಿಗ್‌ಗೂ (ಪಟ್ಟಿಯನ್ನು ಹಿಡಿದು, ತೂತು ಕೊರೆಯುವ ರೌಟರ್ ಯಂತ್ರಕ್ಕೆ ದಾರಿ ತೋರುವ ಚೌಕಟ್ಟು) ನಡುವೆ ಇಟ್ಟು ಬಿಗಿಯಿರಿ. ಕೊಯ್ದ ತುದಿ ಜಿಗ್‌ನ ಮೇಲ್ಮೈಗೆ ಪೂರ್ತಿ ತಾಗಬೇಕು. ಬೆಳಕು ಕಂಡರೆ ರೌಟರ್ ಹಚ್ಚಬೇಡಿ.

ಪಟ್ಟಿಯ ಹೊರಮುಖ ಯಾವಾಗಲೂ ಜಿಗ್ ಕಡೆಗೇ. ಮುಂದಿನ ತುದಿಯಿಂದ ಹಿಂದಿನ ತುದಿಗೆ ಹೋಗುವಾಗ ಬೆಣೆಯನ್ನು ತಲೆಕೆಳಗು ಮಾಡಬೇಕು, ಎಡ-ಬಲಕ್ಕೆ ಬೇಡ. ತಿರುಗಿಸಿದಾಗ ತುದಿ ಜಾಗ ಬದಲಿಸುತ್ತದೆ, ನಡುಗೆರೆಯನ್ನು ಮತ್ತೆ ಹೊಂದಿಸಿ.

8 ಮಿ.ಮೀ. ಬಿಟ್ (ಕೊರೆಯುವ ಅಲಗು), 16 ಮಿ.ಮೀ. ಗೈಡ್ ಬುಷ್ (ಬಿಟ್ ಸುತ್ತ ಇದ್ದು ಸೀಳಿನಲ್ಲಿ ಜಾರುವ ಉಂಗುರ), 40 ಮಿ.ಮೀ. ಉದ್ದದ ತೂತಿಗೆ ಟೆಂಪ್ಲೇಟ್ (ಅಚ್ಚು ಹಲಗೆ) ಸೀಳು 48×16 ಮಿ.ಮೀ. ಒಂದು ಸಲಕ್ಕೆ 5 ಮಿ.ಮೀ.ನಂತೆ 25 ಮಿ.ಮೀ. ಆಳ. ಪಟ್ಟಿ 22 ಮಿ.ಮೀ. ದಪ್ಪವಿದ್ದರೆ ತೂತಿನ ತಳ ಸುಮಾರು 2.2 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ, ಗೋಡೆ 4.8 ಉಳಿಯುತ್ತದೆ. ಇದಕ್ಕಿಂತ ಆಳ ಬೇಡ.

ಎರಡೂ ತೂತಿನ ಆಳ ಸೇರಿ 50 ಮಿ.ಮೀ. ಆದರೂ ನಾಲಿಗೆ 48 ಮಿ.ಮೀ. ಉದ್ದವಿರಲಿ, ಅಂಟಿಗೆ ಜಾಗ ಬೇಕು.