ವರಾಂಡ ಬಿಟ್ಟು ತರಗತಿಯೊಳಗೆ: ಇಬ್ಬರು ಸೇರಿ ಪಾಠ ಮಾಡಿದ ಅನುಭವ

ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಹೋದ ವರ್ಷ 34 ಮಕ್ಕಳಿದ್ದರು. ಅವರಲ್ಲಿ ಒಬ್ಬ ಹುಡುಗನಿಗೆ ಎರಡೂ ಕಿವಿ ಮಂದ. ಕಿವಿಗೆ ಮಷಿನ್ ಹಾಕಿಕೊಂಡರೆ ಸ್ವಲ್ಪ ಕೇಳಿಸುತ್ತದೆ. ಉಳಿದದ್ದನ್ನು ತುಟಿ ನೋಡಿ ಅಂದಾಜು ಮಾಡುತ್ತಾನೆ.

ಗುರುವಾರ ಬಿಆರ್‌ಸಿಯಿಂದ, ಅಂದರೆ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಿಂದ, ಬಿಐಇಆರ್‌ಟಿ ಮೇಡಂ ಬರುತ್ತಿದ್ದರು. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕಿ. ಅವರ ಪಾಲಿಗೆ ಎಷ್ಟೋ ಶಾಲೆ, ನಮಗೆ ಸಿಗುವುದು ವಾರಕ್ಕೆ ಅರ್ಧ ದಿನ. ಅವರು ಬಂದ ಕೂಡಲೇ ಹುಡುಗ ಪುಸ್ತಕ ಎತ್ತಿಕೊಂಡು ವರಾಂಡಕ್ಕೆ ಹೋಗಬೇಕು. ಅಲ್ಲಿ ಅವರು ಅವನಿಗೆ, ಇಲ್ಲಿ ನಾನು ಉಳಿದವರಿಗೆ. ಇದೇ ಸರಿ ಅಂತ ನಾನೂ ನಂಬಿದ್ದೆ. ಆದರೆ ವಾಪಸ್ ಬಂದವನಿಗೆ ಪಾಠ ಎಲ್ಲಿಗೆ ಬಂತು ಅಂತಲೇ ತಿಳಿಯುತ್ತಿರಲಿಲ್ಲ. ಪಕ್ಕದವನ ಪುಸ್ತಕ ಇಣುಕಿ ನೋಡಿ ಬರೆದುಕೊಳ್ಳುತ್ತಿದ್ದ.

ಆಗಸ್ಟಿನ ಒಂದು ಗುರುವಾರ ಅವನು ಏಳಲೇ ಇಲ್ಲ. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ‘ನಾ ಇಲ್ಲೇ’ ಅಂದ. ಮೇಡಂ ಬಲವಂತ ಮಾಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳಿದರು. ಬಿಸಿಯೂಟದ ಹೊತ್ತಿಗೆ ಮೆಲ್ಲಗೆ ಹೇಳಿದರು: ‘ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಬೋರ್ಡ್ ಕಡೆ ಮುಖ ಮಾಡಿ, ಬರಕೋತ ಮಾತಾಡ್ತೀರಿ. ಅವಗ ಏನೂ ಸಿಗಂಗಿಲ್ರಿ.’

ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ತಪಾಸಣೆಗೆ ಬಂದವರು ನನ್ನ ತರಗತಿಯಲ್ಲಿ ಕೂತದ್ದುಂಟು. ಜೊತೆಗಾರರಾಗಿ ಕೂತು ನೋಡಿದವರು ಇವರೇ ಮೊದಲು. ಮುಂದಿನ ವಾರದಿಂದ ಇಬ್ಬರೂ ಸೇರಿಯೇ ಪಾಠ ಮಾಡೋಣ ಅಂತ ಅವತ್ತೇ ಮಾತಾಡಿಕೊಂಡೆವು.

ಮೊದಲ ದಿನ ಕೆಟ್ಟಿತು. ಮುಂದೆ ನಾನು ಹೇಳುತ್ತಿದ್ದೆ, ಹಿಂದೆ ಮೇಡಂ ಅವನ ಗುಂಪಿಗೆ ಅದನ್ನೇ ಬಿಡಿಸಿ ಹೇಳುತ್ತಿದ್ದರು. ಮಷಿನ್ ಬೇಕಾದ ಮಾತಿನ ಜೊತೆ ಬೇಡದ ಗದ್ದಲವನ್ನೂ ಜೋರು ಮಾಡುತ್ತದೆ ಅಲ್ವಾ? ನಮ್ಮಿಬ್ಬರ ದನಿ, ಫ್ಯಾನಿನ ಸದ್ದು, ಪಕ್ಕದ ಕೋಣೆಯ ಮಗ್ಗಿ, ಎಲ್ಲ ಒಟ್ಟಿಗೆ. ಅವನು ಮಷಿನ್ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ಒಂದು ನಿಯಮ ಮಾಡಿಕೊಂಡೆವು: ಒಂದು ಹೊತ್ತಿಗೆ ಒಂದೇ ದನಿ. ನಾನು ಮಾತಾಡುವಾಗ ಬೋರ್ಡಿಗೆ ಮೇಡಂ ಬರೆಯುತ್ತಾರೆ, ಅವರು ಮಾತಾಡುವಾಗ ನಾನು. ಹೀಗಾಗಿ ಮಾತಾಡುವವರ ಮುಖ ಯಾವಾಗಲೂ ಮಕ್ಕಳ ಕಡೆಗೇ ಇರುತ್ತದೆ. ನಾನು ಮೀಸೆಯನ್ನೂ ತುಟಿ ಮೇಲೆ ಇಳಿಯದ ಹಾಗೆ ಕತ್ತರಿಸಿಕೊಂಡೆ. ಗುಂಪು ಮಾಡಬೇಕಾದಾಗ ಅರ್ಧ ಮಕ್ಕಳು ಬೇವಿನ ಮರದ ಕೆಳಗೆ. ಒಂದು ವಾರ ಅವನಿರುವ ಗುಂಪು ನನ್ನದು, ಇನ್ನೊಂದು ವಾರ ಅವರದು. ‘ಮೇಡಂ ಹುಡುಗ’ ಅಂತ ಮಕ್ಕಳು ಅವನನ್ನು ಕರೆಯುತ್ತಿದ್ದದ್ದು ಹೀಗೇ ನಿಂತುಹೋಯಿತು.

ಬುಧವಾರ ರಾತ್ರಿ ಫೋನಿನಲ್ಲಿ ಹತ್ತು ನಿಮಿಷ ಮಾತಾಡುತ್ತಿದ್ದೆವು. ನಾಳೆಯ ಪಾಠದ ಐದು ಮುಖ್ಯ ಪದ ಯಾವುವು ಅಂತ ಅವರು ಕೇಳುತ್ತಿದ್ದರು. ಪಾಠಕ್ಕೆ ಮೊದಲೇ ಅವನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡುವುದು ರೂಢಿಯಾಯಿತು. ಏನೂ ಖರ್ಚಿಲ್ಲದ ಈ ಕೆಲಸದಿಂದ ಆದಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಲಿಲ್ಲ.

ಗವಿಸಿದ್ಧೇಶ್ವರ ಜಾತ್ರೆ ಮುಗಿದ ವಾರ ಉಕ್ತಲೇಖನ ಕೊಟ್ಟೆ. ‘ಮಠ’ ಅಂದೆ. ಅವನು ‘ಪಟ’ ಅಂತ ಬರೆದ. ಇಷ್ಟು ತಿಂಗಳಾದರೂ ಅಕ್ಷರ ಬರಲಿಲ್ಲವಲ್ಲ ಅಂತ ನನಗೆ ಬೇಜಾರಾಯಿತು. ಮೇಡಂ ನನ್ನನ್ನು ಕಿಟಕಿ ಹತ್ತಿರ ಕರೆದರು. ದನಿ ಹೊರಡಿಸದೆ, ಬರೀ ತುಟಿ ಅಲ್ಲಾಡಿಸಿ ಒಂದು ಪದ ಹೇಳಿದರು. ‘ಯಾವುದ್ರಿ ಸರ್?’ ನನಗೆ ಗೊತ್ತಾಗಲಿಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಹುಡುಗ ಕಂಡದ್ದನ್ನು ಸರಿಯಾಗಿಯೇ ಬರೆದಿದ್ದ. ನಾನು ಕೊಟ್ಟದ್ದು ಬರೀ ಬಿಡಿ ಪದ. ಆಮೇಲೆ ‘ಜಾತ್ರೆಗೆ ಗವಿಮಠಕ್ಕೆ ಹೋದೆವು’ ಅಂತ ಇಡೀ ವಾಕ್ಯ ಹೇಳಿದೆ. ತಡವಿಲ್ಲದೆ ‘ಮಠ’ ಅಂತ ಬರೆದು, ಪಕ್ಕದಲ್ಲಿ ಒಂದು ತೇರನ್ನೂ ಬಿಡಿಸಿದ.

ಲೆಕ್ಕದಲ್ಲೂ ಹೀಗೇ ಆಯಿತು. 52ರಲ್ಲಿ 27 ಕಳೆದರೆ 35 ಅಂತ ಬರೆದಿದ್ದ. ಬಿಡಿ ಸ್ಥಾನದಲ್ಲಿ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದುಬಿಟ್ಟಿದ್ದ. ಕೇಳಿಸದ್ದಕ್ಕೆ ಹೀಗಾಯಿತು ಅಂದುಕೊಂಡೆ. ಮೇಡಂ ಎಲ್ಲರ ಪುಸ್ತಕ ನೋಡುತ್ತಾ ಹೋದರು. ಚೆನ್ನಾಗಿ ಕಿವಿ ಕೇಳುವ ಒಂಬತ್ತು ಮಕ್ಕಳೂ 35 ಅಂತಲೇ ಬರೆದಿದ್ದರು! ಜೋಳದ ದಂಟಿನ ತುಂಡುಗಳನ್ನು ಹತ್ತರಂತೆ ಕಟ್ಟಿ, ಒಂದು ಕಟ್ಟು ಬಿಚ್ಚಿ ಬಿಡಿಗೆ ಸೇರಿಸಿ ತೋರಿಸಿದ್ದು ಎಲ್ಲರಿಗೂ ಬೇಕಾಗಿತ್ತು.

ಮೇಡಂ ಇಲ್ಲದ ದಿನ ಕಷ್ಟವೇ ಆಗುತ್ತಿತ್ತು. ಬರೆಯುವಾಗ ಬಾಯಿ ಮುಚ್ಚಿಕೊಂಡು, ತಿರುಗಿ ನಿಂತು ಹೇಳುತ್ತಿದ್ದೆ. ಬೆಳಿಗ್ಗೆ ಮೊದಲು ಮಷಿನ್ನಿನ ಸೆಲ್ ನೋಡುತ್ತಿದ್ದೆ. ಎಷ್ಟೋ ದಿನ ಮಷಿನ್ನೇ ಬರುತ್ತಿರಲಿಲ್ಲ. ‘ಕೆಟ್ರ ಯಾರು ಕೊಡಸ್ತಾರ್ರಿ ಸರ?’ ಅಂತ ಹುಡುಗನ ತಾಯಿ ಅದನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. ಅವರನ್ನು ಒಂದು ದಿನ ತರಗತಿಯಲ್ಲೇ ಕೂರಿಸಿದೆವು. ಮಗ ಕೈ ಎತ್ತಿ ಉತ್ತರ ಹೇಳಿದ್ದನ್ನು ನೋಡಿದ ಮೇಲೆ ತಪ್ಪದೆ ಕಳಿಸಿದರು.

ಈ ಜೂನಿನಲ್ಲಿ ಅವನು ಐದನೇ ತರಗತಿಗೆ ಹೋದ. ಆ ಕೋಣೆಗೆ ತಗಡಿನ ಚಾವಣಿ, ಮಳೆ ಬಂದರೆ ಯಾರ ಮಾತೂ ಕೇಳಿಸುವುದಿಲ್ಲ. ಕೋಣೆ ಬದಲಿಸಿಕೊಡಿ ಅಂತ ನಾನೂ ಮೇಡಂ ಇಬ್ಬರೂ ಮುಖ್ಯ ಶಿಕ್ಷಕರನ್ನು ಕೇಳಿದ್ದೇವೆ.